ಮಹದಾಯಿಯ ಮೇಲೊಂದು ಸಂಜೆ: ಕ್ಯಾಸಿನೊಗೆ ಹೊರಟವರಿಗೆ ಹನ್ನೆರಡು ಸೂತ್ರಗಳು

ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಿಂದ ಲಾಂಗ್ ವೀಕೆಂಡಿಗೆ ಹೊರಡುವ ಗೆಳೆಯರ ಗುಂಪಿಗೆ ಹತ್ತಿರದ್ದೆಂದರೆ ಪಣಜಿ. ನಮ್ಮ ಖಾನಾಪುರದ ಭೀಮಗಡದ ಕಾಡಲ್ಲಿ ಹುಟ್ಟುವ ಮಹದಾಯಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಮಾಂಡೋವಿ. ಅದರ ನೀರಿನ ಮೇಲೆ ಡೆಲ್ಟಿನ್ ರಾಯಲ್, ಬಿಗ್ ಡ್ಯಾಡಿಯಂಥ ಹಡಗುಗಳು ರಾತ್ರಿಯಿಡೀ ದೀಪ ಹಚ್ಚಿ ನಿಂತಿರುತ್ತವೆ. ಹೋಗಬೇಕೋ ಬೇಡವೋ ಅನ್ನುವುದು ನಿಮ್ಮ ನಿರ್ಧಾರ. ಹೋಗುವುದೇ ಆದರೆ ಆ ಸಂಜೆಗೆ ಎಷ್ಟು ಬೆಲೆ ತೆರುತ್ತಿದ್ದೀರಿ ಎಂಬುದು ಬಸ್ ಹತ್ತುವ ಮೊದಲೇ ಗೊತ್ತಿರಬೇಕು. ಯಂತ್ರದ ತೆರೆಯ ಮೇಲೆ ಇಸ್ಪೀಟು ಆಡುವ ವಿಡಿಯೋ ಪೋಕರ್‌ನಲ್ಲಿ ಆ ಬೆಲೆಯನ್ನು ಪೈಸೆ ಲೆಕ್ಕದವರೆಗೆ ತಿಳಿಯಬಹುದು. ಅದಕ್ಕೇ ಈ ಆಟವನ್ನು ಆರಿಸಿಕೊಂಡೆ.

1. ಕಾನೂನಿನ ಗೆರೆ ಎಲ್ಲಿದೆ ನೋಡಿಕೊಳ್ಳಿ

ಗೋವಾದ ಜೂಜು ಕಾಯ್ದೆ 1976ರದು. 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ ಅವಕಾಶ ಕೊಟ್ಟಿತು, 1996ರ ತಿದ್ದುಪಡಿ ಹಡಗುಗಳ ಮೇಲೆ ಮೇಜಿನ ಆಟಗಳಿಗೂ ದಾರಿ ತೆರೆಯಿತು. 21 ವರ್ಷ ತುಂಬಿರಬೇಕು. 2020ರಿಂದ ಗೋವಾದವರಿಗೇ ಒಳಗೆ ಪ್ರವೇಶವಿಲ್ಲ. ತಂಡದಲ್ಲಿ ಮಡಗಾಂವ್ ವಿಳಾಸದ ಆಧಾರ್ ಇರುವ ಸಹೋದ್ಯೋಗಿ ಇದ್ದರೆ ಅವರನ್ನು ಬಾಗಿಲಲ್ಲಿ ಮುಜುಗರಕ್ಕೆ ಸಿಲುಕಿಸಬೇಡಿ, ಮೊದಲೇ ಹೇಳಿ.

ನಮ್ಮ ಕಡೆಯ ಕಥೆ ಬೇರೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಪೋಕರನ್ನು ಕೌಶಲದ ಆಟವೆಂದು ಕಂಡ ಮೇಲೆ ಬೆಂಗಳೂರಿನಲ್ಲಿ ಪೋಕರ್ ಕ್ಲಬ್ಬುಗಳು ಬೆಳೆದವು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾನೂನು ತಂದಿತು: ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವೆಲ್ಲ ನಿಷಿದ್ಧ. ಹಾಗಾಗಿ ‘ಗೋವಾಕ್ಕೆ ಯಾಕೆ ಹೋಗಬೇಕು, ಫೋನಲ್ಲೇ ಆಡಬಹುದಲ್ಲ’ ಎಂದು ಯಾರಾದರೂ ಟೆಲಿಗ್ರಾಂ ಲಿಂಕ್ ಕಳಿಸಿದರೆ ತೆರೆಯಲೇಬೇಡಿ. ಅಲ್ಲಿ ಹೋದ ದುಡ್ಡು ಮರಳುವ ಭರವಸೆಯಿಲ್ಲ. ಪಿ.ಜಿ. ಕೋಣೆಯಲ್ಲಿ ಒಬ್ಬರೇ ಕೂತು ರಾತ್ರಿ ಎರಡರವರೆಗೆ ಆಡುವ ಆಟಕ್ಕೂ ಗೆಳೆಯರ ಜೊತೆ ಒಂದು ಸಂಜೆ ಹೋಗಿ ಬರುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಎಷ್ಟೋ ಮನೆಗಳನ್ನು ಮುರಿದಿದೆ.

2. ಯಂತ್ರ ಇದೆಯೇ ಎಂದು ಫೋನ್ ಮಾಡಿ ಕೇಳಿ

ಗೋವಾದಲ್ಲಿ ನೆಲ ತುಂಬಿರುವುದು ಅಂದರ್ ಬಾಹರ್, ಮೂರೆಲೆ, ರೂಲೆಟ್, ಬಕಾರಾ ಮೇಜುಗಳು. ಯಂತ್ರಗಳ ಸಾಲಿನಲ್ಲಿ ಹೆಚ್ಚಿನವು ಸ್ಲಾಟ್‌ಗಳು. ವಿಡಿಯೋ ಪೋಕರ್ ಇದೆ ಎಂದು ನಂಬಿ ಹೋಗಿ ಸಿಗದೆ ಸ್ಲಾಟ್ ಮುಂದೆ ಕೂರುವುದು ದುಬಾರಿ ತಪ್ಪು. ಕೇಳಬೇಕಾದದ್ದು ಮೂರೇ ಮಾತು: ಯಂತ್ರ ಇದೆಯೇ, ಕನಿಷ್ಠ ಪಣ ಎಷ್ಟು, ಫುಲ್ ಹೌಸ್‌ಗೂ ಫ್ಲಶ್‌ಗೂ ಎಷ್ಟು ಕೊಡುತ್ತದೆ.

ಆನ್‌ಸೈಟ್ ಕೆಲಸಕ್ಕೆ ಅಮೆರಿಕಕ್ಕೆ ಹೋಗುವವರಿಗೆ ಈ ತೊಂದರೆ ಇಲ್ಲ. ಅದು ಈ ಆಟದ ತವರು. 1979ರಲ್ಲಿ ನೆವಾಡಾದ ಸೈ ರೆಡ್ ಎಂಬವರ ಕಂಪನಿ ‘ಡ್ರಾ ಪೋಕರ್’ ಯಂತ್ರವನ್ನು ಬಿಟ್ಟಿತು. ಅದೇ ಕಂಪನಿ ಮುಂದೆ ಜೂಜಿನ ಯಂತ್ರ ತಯಾರಿಸುವ ಐಜಿಟಿ ಆಯಿತು. ಲಾಸ್ ವೇಗಸ್ ಇರಲಿ, ಕ್ಯಾಲಿಫೋರ್ನಿಯಾದ ಬುಡಕಟ್ಟು ಸಮುದಾಯಗಳು ನಡೆಸುವ ಕ್ಯಾಸಿನೊಗಳಿರಲಿ, ಸಾಲು ಸಾಲು ಯಂತ್ರ ಸಿಗುತ್ತವೆ. ಮುಂದೆ ಹೇಳುವ ಲೆಕ್ಕ ಅಲ್ಲಿಗೂ ಅಷ್ಟೇ ಸಲ್ಲುತ್ತದೆ.

3. ಕೂರುವ ಮೊದಲು ಪಟ್ಟಿ ಓದಿ

ಸೂತ್ರಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ಇದನ್ನು ಇಟ್ಟುಕೊಳ್ಳಿ.

ಸ್ಲಾಟ್ ಯಂತ್ರ ಒಳಗೆ ಏನು ಮಾಡುತ್ತದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ವಿಡಿಯೋ ಪೋಕರ್ ಹಾಗಲ್ಲ. 52 ಎಲೆಯ ಕಟ್ಟು, ಐದೆಲೆ ಕೈಗೆ, ಬೇಕಾದದ್ದು ಹಿಡಿದು ಬೇಡದ್ದು ಒಮ್ಮೆ ಬದಲಿಸಿ, ಬಂದ ಕೈಗೆ ತಕ್ಕ ಹಣ. ಯಾವ ಕೈಗೆ ಎಷ್ಟು ಎಂಬ ಪಟ್ಟಿ ತೆರೆಯ ಮೇಲೆಯೇ ಇರುತ್ತದೆ. ತೆರೆಯ ಮೇಲಿನ ಎಲೆಗಳು ನಿಜವಾದ ಕಟ್ಟಿನಷ್ಟೇ ಸಮನಾಗಿ ಬೀಳಬೇಕು ಎಂದು ನೆವಾಡಾದಲ್ಲಿ ನಿಯಮವೇ ಇದೆ. ಹಾಗಾಗಿ ಪಟ್ಟಿಯೊಂದರಿಂದಲೇ ಯಂತ್ರದ ಬೆಲೆ ಗೊತ್ತಾಗುತ್ತದೆ.

‘ಜ್ಯಾಕ್ಸ್ ಆರ್ ಬೆಟರ್’ ಎಂಬ ಮೂಲ ಆಟವನ್ನು ನೋಡಿ. ಗುಲಾಮನ ಜೋಡಿ ಅಥವಾ ಅದಕ್ಕಿಂತ ದೊಡ್ಡದು ಬಂದರೆ ಹಾಕಿದ ಹಣ ವಾಪಸು. ಎರಡು ಜೋಡಿಗೆ 2 ಪಟ್ಟು, ಒಂದೇ ಬಗೆಯ ಮೂರಕ್ಕೆ 3, ಐದೂ ಎಲೆ ಸೀಕ್ವೆನ್ಸ್ ಆದ ಸ್ಟ್ರೇಟ್‌ಗೆ 4, ನಾಲ್ಕು ಒಂದೇ ಬಗೆಯಾದರೆ 25, ಸ್ಟ್ರೇಟ್ ಫ್ಲಶ್‌ಗೆ 50. ಇವು ಸಾಮಾನ್ಯವಾಗಿ ಬದಲಾಗುವುದಿಲ್ಲ. ಕ್ಯಾಸಿನೊ ಕೈಯಾಡಿಸುವುದು ಎರಡೇ ಸಾಲಿನಲ್ಲಿ: ಮೂರು ಒಂದು ಬಗೆ, ಎರಡು ಇನ್ನೊಂದು ಬಗೆ ಇರುವ ಫುಲ್ ಹೌಸ್, ಮತ್ತು ಮೂರೆಲೆಯವರು ‘ಕಲರ್’ ಅನ್ನುವ ಫ್ಲಶ್. ಆ ಎರಡು ಅಂಕಿ 9 ಮತ್ತು 6 ಇದ್ದರೆ, ಒಂದೂ ತಪ್ಪಿಲ್ಲದೆ ಆಡಿದವರಿಗೆ ದೀರ್ಘಕಾಲದಲ್ಲಿ ಹಾಕಿದ ಹಣದ 99.54 ಶೇಕಡಾ ಮರಳುತ್ತದೆ. 8 ಮತ್ತು 5 ಆದರೆ 97.30. 7–5 ಆದರೆ 96.15. 6–5 ಆದರೆ 95. ಎಲ್ಲಕ್ಕೂ ಒಂದೇ ಬಣ್ಣದ ದೀಪ, ಒಂದೇ ಸದ್ದು, ಅದೇ ಮೆತ್ತನೆ ಕುರ್ಚಿ. ಆದರೆ ಸಾವಿರ ರೂಪಾಯಿ ಪಣಕ್ಕೆ ಮೊದಲನೆಯದು 4 ರೂಪಾಯಿ 60 ಪೈಸೆ ಕೀಳುತ್ತದೆ, ಕೊನೆಯದು 50 ರೂಪಾಯಿ.

ಗಂಟೆಯ ಲೆಕ್ಕ ಹಾಕೋಣ. 5 ರೂಪಾಯಿಯ ನಾಣ್ಯ ಐದು ಹಾಕಿದರೆ ಒಂದು ಕೈಗೆ 25 ರೂಪಾಯಿ. ಕೈ ಪಳಗಿದವರು ಗಂಟೆಗೆ 500 ಕೈ ಆಡುತ್ತಾರೆ. ಅಂದರೆ ಯಂತ್ರದೊಳಗೆ ಹಾದುಹೋಗುವುದು 12,500 ರೂಪಾಯಿ. 9–6 ಯಂತ್ರದಲ್ಲಿ ಸರಾಸರಿ ನಷ್ಟ ಸುಮಾರು 58 ರೂಪಾಯಿ, 8–5ರಲ್ಲಿ ಸುಮಾರು 338, 6–5ರಲ್ಲಿ 625. ಟೆಂಡರಿನಲ್ಲಿ ಪೈಸೆ ಪೈಸೆ ಚೌಕಾಸಿ ಮಾಡುವ ಪೀಣ್ಯದ ವರ್ಕ್‌ಶಾಪ್ ಮಾಲೀಕರೂ ಕ್ಯಾಸಿನೊ ಒಳಗೆ ಕಾಲಿಟ್ಟೊಡನೆ ಈ ಪಟ್ಟಿ ನೋಡದೆ ಕೂರುವುದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗುತ್ತದೆ.

4. ಐದು ನಾಣ್ಯ ಹಾಕಿ, ಇಲ್ಲವೇ ಚಿಕ್ಕ ಯಂತ್ರಕ್ಕೆ ಹೋಗಿ

ಒಂದೇ ಕಲರಿನ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಕೂಡಿದರೆ ರಾಯಲ್ ಫ್ಲಶ್. ಒಂದರಿಂದ ನಾಲ್ಕು ನಾಣ್ಯದವರೆಗೆ ಅದಕ್ಕೆ ಕೊಡುವುದು ನಾಣ್ಯಕ್ಕೆ 250. ಐದನೆಯದು ಬಿದ್ದೊಡನೆ ಒಟ್ಟು 4000, ಅಂದರೆ ನಾಣ್ಯಕ್ಕೆ 800. ಕಡಿಮೆ ನಾಣ್ಯ ಹಾಕಿದರೆ ಯಂತ್ರದ ಮರಳಿಕೆ ಒಂದು ಶೇಕಡಕ್ಕಿಂತ ಹೆಚ್ಚು ಇಳಿಯುತ್ತದೆ. 25 ರೂಪಾಯಿ ಭಾರವೆನಿಸಿದರೆ 1 ರೂಪಾಯಿ ಯಂತ್ರದಲ್ಲಿ ಐದು ನಾಣ್ಯ ಹಾಕಿ.

5. ರಾಯಲ್ ಈ ರಾತ್ರಿ ಬರುವುದಿಲ್ಲ ಎಂದುಕೊಂಡು ಹೋಗಿ

ಅದು ಬೀಳುವುದು ಸುಮಾರು 40,000 ಕೈಗೊಮ್ಮೆ. ಗಂಟೆಗೆ 500ರ ವೇಗದಲ್ಲಿ ಅದು 80 ಗಂಟೆ, ಎಂಟು ಗಂಟೆಯ ಹತ್ತು ಶಿಫ್ಟು. 99.54ರಲ್ಲಿ ಎರಡು ಶೇಕಡಾದಷ್ಟು ಈ ಒಂದೇ ಕೈಯಿಂದ ಬರುತ್ತದೆ. ಹಾಗಾಗಿ ರಾಯಲ್ ಬರದ ಸಾಮಾನ್ಯ ಸಂಜೆಯಲ್ಲಿ ಒಳ್ಳೆಯ ಯಂತ್ರವೂ ಗಂಟೆಗೆ 300 ರೂಪಾಯಿ ಆಸುಪಾಸು ತಿನ್ನುತ್ತದೆ, 8–5 ಯಂತ್ರ 600ರ ಹತ್ತಿರ. ನಿಮ್ಮ ಬಜೆಟ್ಟಿನಲ್ಲಿ ಈ ಅಂಕಿಯನ್ನು ಬರೆದುಕೊಳ್ಳಿ. ಒಂದು ರಾತ್ರಿಯ ಏರಿಳಿತ ಇದರ ಹಲವು ಪಟ್ಟು ಇರಬಹುದು, ಅದಕ್ಕೂ ಜಾಗ ಬಿಡಿ.

6. ಏನು ಹಿಡಿಯಬೇಕು, ಏನು ಬಿಡಬೇಕು

ಮನೆಯಲ್ಲೇ ಇಸ್ಪೀಟು ಕಟ್ಟು ಹರಡಿ ಕಲಿಯಬಹುದು. ದೀಪಾವಳಿಯ ಹೊತ್ತಿಗೆ ರಮ್ಮಿ ಆಡಿ ಬೆಳೆದವರಿಗೆ ಇದು ಕಷ್ಟವಲ್ಲ, ಆದರೆ ರಮ್ಮಿಯ ಅಭ್ಯಾಸಗಳೇ ಕೆಲವು ಕಡೆ ದಾರಿ ತಪ್ಪಿಸುತ್ತವೆ.

ಗುಲಾಮನಿಂದ ಮೇಲಿನ ಜೋಡಿ ಕೈಗೆ ಬಂದರೆ, ನಾಲ್ಕು ಎಲೆ ಒಂದೇ ಕಲರಿದ್ದರೂ ಸಾಮಾನ್ಯವಾಗಿ ಜೋಡಿಯನ್ನೇ ಹಿಡಿಯಿರಿ. ಹತ್ತರಿಂದ ಕೆಳಗಿನ ಜೋಡಿಯಾದರೆ ಲೆಕ್ಕ ತಿರುಗುತ್ತದೆ, ಆಗ ನಾಲ್ಕು ಕಲರನ್ನು ಹಿಡಿದು ಐದನೆಯದಕ್ಕೆ ಕಾಯುವುದು ಲೇಸು. ಅದೇ ಚಿಕ್ಕ ಜೋಡಿ ಒಂದು ಕಡೆ, ಬೇರೆ ಬೇರೆ ಕಲರಿನ ನಾಲ್ಕು ಎಲೆಯ ಸೀಕ್ವೆನ್ಸ್ ಇನ್ನೊಂದು ಕಡೆ ಇದ್ದರೆ ಸಾಮಾನ್ಯವಾಗಿ ಜೋಡಿಯೇ ಮೇಲು. ಚಿಕ್ಕ ಜೋಡಿ ಬಿಟ್ಟು ಒಂಟಿ ಎಕ್ಕವನ್ನು ಹಿಡಿಯುವುದು ಹೊಸಬರು ಪದೇ ಪದೇ ಮಾಡುವ ತಪ್ಪು. ಜೋಡಿಯ ಪಕ್ಕದಲ್ಲಿ ‘ಇರಲಿ’ ಎಂದು ಒಂದು ರಾಜನನ್ನು ಉಳಿಸಿಕೊಳ್ಳುವುದೂ ಅಷ್ಟೇ, ಅದರಿಂದ ಒಂದು ಹೊಸ ಎಲೆಯ ಅವಕಾಶ ಹೋಗುತ್ತದೆ. ನಡುವೆ ಒಂದೆಲೆ ಖಾಲಿ ಇರುವ ಸೀಕ್ವೆನ್ಸ್‌ಗೆ, ದೊಡ್ಡ ಎಲೆಗಳಿಲ್ಲದಿದ್ದರೆ, ಕಾಯಬೇಡಿ. ಏನೂ ಇಲ್ಲದ ಕೈ ಬಂದರೆ ಐದೂ ಎಲೆ ಎಸೆಯಲು ಹಿಂಜರಿಯಬೇಡಿ.

ಎದೆ ಗಟ್ಟಿ ಮಾಡಿಕೊಳ್ಳಬೇಕಾದ ಜಾಗ ಒಂದಿದೆ. ರಾಯಲ್‌ಗೆ ನಾಲ್ಕೆಲೆ ಕೂಡಿದ್ದು ಐದನೆಯದು ಅದೇ ಕಲರಿನ ಸಣ್ಣ ಎಲೆ ಎಂದಿಟ್ಟುಕೊಳ್ಳಿ. ಫ್ಲಶ್ ಆಗಲೇ ಕೈಯಲ್ಲಿದೆ, 6 ಪಟ್ಟು ಖಚಿತ. ಆದರೂ ಆ ಸಣ್ಣ ಎಲೆಯನ್ನು ಎಸೆಯಿರಿ. ಉಳಿದ 47 ಎಲೆಗಳಲ್ಲಿ ಒಂದು 800 ಪಟ್ಟು ತರುತ್ತದೆ. ಅದೊಂದರ ಸರಾಸರಿಯೇ 17 ಪಟ್ಟು ಆಗುತ್ತದೆ, ಜೊತೆಗೆ ಮತ್ತೆ ಫ್ಲಶ್, ಸ್ಟ್ರೇಟ್, ದೊಡ್ಡ ಜೋಡಿಗಳ ಅವಕಾಶವೂ ಉಳಿದಿರುತ್ತದೆ.

7. ನಿಧಾನವಾಗಿ ಆಡಿ

ಗಂಟೆಗೆ 500ರ ಬದಲು 250 ಕೈ ಆಡಿದರೆ ಅದೇ ಸಂಜೆ ಅರ್ಧ ಬೆಲೆಗೆ ಸಿಗುತ್ತದೆ. ತಪ್ಪುಗಳೂ ಕಡಿಮೆಯಾಗುತ್ತವೆ. ಪ್ರವೇಶದ ಪ್ಯಾಕೇಜಿನಲ್ಲಿ ಮದ್ಯ ಸೇರಿದೆ ಎಂದು ಮೊದಲ ಗಂಟೆಯಲ್ಲೇ ಕುಡಿದು ಮುಗಿಸಿದರೆ ಮೇಲಿನ ಸೂತ್ರದ ಒಂದೂ ನೆನಪಿರುವುದಿಲ್ಲ. ಆಟ ಮುಗಿದ ಮೇಲೆ ಕುಡಿಯಿರಿ.

8. ತೆರಿಗೆ ಯಂತ್ರಕ್ಕಿಂತ ದೊಡ್ಡದು

ಅಮೆರಿಕದ ಪುಸ್ತಕಗಳನ್ನು ಓದಿ ಗೋವಾಕ್ಕೆ ಹೋಗುವವರು ಎಡವುವುದು ಇಲ್ಲೇ. 2023ರ ಅಕ್ಟೋಬರ್ 1ರಿಂದ ಕ್ಯಾಸಿನೊದಲ್ಲಿ ಆಟಕ್ಕೆ ಕೊಳ್ಳುವ ಚಿಪ್ಸ್‌ನ ಪೂರ್ತಿ ಮೊತ್ತದ ಮೇಲೆ 28 ಶೇಕಡಾ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು 40 ಶೇಕಡಾ. ಪ್ರವೇಶ ಶುಲ್ಕಕ್ಕೂ ಅದೇ ದರ.

ಈ ತೆರಿಗೆಯಲ್ಲಿ ಎಷ್ಟನ್ನು ಕ್ಯಾಸಿನೊ ಹೊರುತ್ತದೆ, ಎಷ್ಟು ನಿಮ್ಮ ಹೆಗಲಿಗೆ ಎಂಬುದನ್ನು ಕೌಂಟರಿನಲ್ಲಿ ನೇರವಾಗಿ ಕೇಳಿ: ‘ಹತ್ತು ಸಾವಿರ ಕೊಟ್ಟರೆ ನನ್ನ ಕೈಗೆ ಎಷ್ಟರ ಚಿಪ್ಸ್ ಬರುತ್ತದೆ, ಅದನ್ನೇ ವಾಪಸು ಕೊಟ್ಟರೆ ಎಷ್ಟು ನಗದು ಕೊಡುತ್ತೀರಿ?’ ತೆರಿಗೆ ಪೂರ್ತಿ ನಿಮ್ಮದೇ ಆಗಿ ಆ ಹತ್ತು ಸಾವಿರದೊಳಗೇ ಸೇರಿದ್ದರೆ ಆಟಕ್ಕೆ ಉಳಿಯುವುದು 7,143 ರೂಪಾಯಿ. ಒಂದು ಎಲೆಯೂ ಬೀಳುವ ಮೊದಲೇ 2,857 ರೂಪಾಯಿ ಹೋಗಿರುತ್ತದೆ. ಅಷ್ಟನ್ನು 9–6 ಯಂತ್ರ ಸರಾಸರಿಯಲ್ಲಿ ಕೀಳಬೇಕಾದರೆ 25 ರೂಪಾಯಿಯಂತೆ ಸುಮಾರು 25,000 ಕೈ ಆಡಬೇಕು. ಇದೊಂದು ಅಂಕಿ ಸಾಕು, ಕ್ಯಾಸಿನೊಗೆ ಸಂಪಾದನೆಗೆಂದು ಹೋಗಬಾರದು ಎಂಬುದಕ್ಕೆ. ಅಲ್ಲಿ ನಾವು ಕೊಳ್ಳುತ್ತಿರುವುದು ಒಂದು ಸಂಜೆಯ ಮನರಂಜನೆ, ಅದರ ಹೆಚ್ಚಿನ ಪಾಲು ತೆರಿಗೆ ಮತ್ತು ಟಿಕೆಟ್ಟು.

ಪ್ಯಾಕೇಜಿನಲ್ಲಿ ಕೊಡುವ ಚಿಪ್ಸ್ ಬಗ್ಗೆಯೂ ಎಚ್ಚರವಿರಲಿ. ಅವುಗಳಲ್ಲಿ ಹಲವು ಒಮ್ಮೆ ಆಡಲು ಮಾತ್ರ, ನಗದಾಗುವುದಿಲ್ಲ. ಕೆಲವು ಮೇಜಿನ ಆಟಗಳಿಗಷ್ಟೇ ಸಲ್ಲುತ್ತವೆ, ಯಂತ್ರಕ್ಕಲ್ಲ.

9. ಜೇಬಿನ ಬಾಗಿಲು ಬೆಂಗಳೂರಿನಲ್ಲೇ ಮುಚ್ಚಿ

ಇಎಂಐ, ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸುವ ಹಣ ಬೇರೆ ಖಾತೆಯಲ್ಲಿರಲಿ. ಹೊರಡುವ ಮುನ್ನ ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿನ ಮಿತಿ ಇಳಿಸಿ, ಯುಪಿಐ ಮಿತಿಯನ್ನೂ ಇಳಿಸಿ. ಕ್ರೆಡಿಟ್ ಕಾರ್ಡನ್ನು ಹೋಟೆಲ್ ಕೋಣೆಯಲ್ಲೇ ಬಿಡಿ. ಅದರಿಂದ ನಗದು ತೆಗೆದರೆ ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಗೆಳೆಯರೊಳಗೆ ಒಂದು ಮಾತು ಮೊದಲೇ ಆಗಿರಲಿ: ಅಲ್ಲಿ ಯಾರೂ ಯಾರಿಗೂ ಸಾಲ ಕೊಡುವುದಿಲ್ಲ. ‘ಮಗಾ, ಒಂದೈದು ಸಾವಿರ ಗೂಗಲ್ ಪೇ ಮಾಡು, ಬೆಳಿಗ್ಗೆ ಕೊಡ್ತೀನಿ’ ಎಂದು ಕೇಳಿದವನಿಗೆ ಇಲ್ಲ ಎನ್ನುವುದೇ ಗೆಳೆತನ.

10. ಊಟವನ್ನು ಆಟದಷ್ಟೇ ಯೋಚಿಸಿ ಆರಿಸಿ

ಪ್ಯಾಕೇಜಿನಲ್ಲಿ ಬಫೆ ಸಾಮಾನ್ಯವಾಗಿ ಸೇರಿರುತ್ತದೆ. ದುಡ್ಡು ಕೊಟ್ಟಾಗಿದೆ, ತಿನ್ನಿ. ಸಸ್ಯಾಹಾರದ ಸಾಲು ಬೇರೆ ಇದೆಯೇ, ಬಡಿಸುವುದು ಎಷ್ಟು ಗಂಟೆವರೆಗೆ ಎಂದು ಕೇಳಿಕೊಳ್ಳಿ. ಯಂತ್ರದ ಮುಂದೆ ಕೂತವರು ಹೊತ್ತು ಮರೆತು ಊಟ ತಪ್ಪಿಸಿಕೊಳ್ಳುತ್ತಾರೆ, ಹಸಿದ ಹೊಟ್ಟೆಯಲ್ಲಿ ಕೆಟ್ಟ ನಿರ್ಧಾರ ಮಾಡುತ್ತಾರೆ. ಊಟ ಮುಗಿಸಿಯೇ ಕೂರುವುದು ಉತ್ತಮ.

ಆದರೆ ಬಫೆ ಉತ್ತರ ಭಾರತದ ಪನೀರು, ನಾನ್, ನೂಡಲ್ಸಿನದು. ಗೋವಾದ ರುಚಿ ಅಲ್ಲಿ ಕಡಿಮೆ. ಅದಕ್ಕೆ ಮಧ್ಯಾಹ್ನದ ಊಟವನ್ನು ಪಣಜಿ ಪೇಟೆಯಲ್ಲಿ ಮಾಡಲೇಬೇಕು. ರಿಟ್ಜ್ ಕ್ಲಾಸಿಕ್‌ನ ಮೀನೂಟಕ್ಕೆ ಜನ ಸಾಲು ನಿಲ್ಲುತ್ತಾರೆ: ಅನ್ನ, ಮೀನಿನ ಹುಮಣ, ರವೆ ಹಚ್ಚಿ ಕರಿದ ತುಂಡು, ಒಣ ಸಿಗಡಿಯ ಕಿಸ್ಮೂರ್, ಕೊನೆಗೆ ಸೋಲ್ ಕಢಿ. ಕರಾವಳಿಯವರು ಪುನರ್ಪುಳಿ, ಮಲೆನಾಡಿನವರು ಮುರುಗಲು ಎನ್ನುವ ಹಣ್ಣಿನ ಸಿಪ್ಪೆಗೆ ತೆಂಗಿನ ಹಾಲು ಬೆರೆಸಿದ ಆ ಪಾನೀಯ ಕಾರವಾರ, ಕುಮಟಾದವರಿಗೆ ಮನೆಯದೇ. ಹಳೆಯ ಪೋರ್ಚುಗೀಸ್ ಮನೆಗಳಿರುವ ಫೊಂಟೈನ್ಯಾಸ್ ಬಡಾವಣೆಯಲ್ಲಿ ವಿವಾ ಪಂಜಿಂ ಇದೆ, ಅಲ್ಲಿ ಹುರಿದ ತೆಂಗು–ಮಸಾಲೆಯ ಶಾಕುತಿ, ಪೋರ್ಚುಗೀಸರು ಆಫ್ರಿಕಾದಿಂದ ತಂದ ಹಸಿರು ಮಸಾಲೆಯ ಕಾಫ್ರಿಯಾಲ್ ಕೋಳಿ ಸಿಗುತ್ತದೆ. ಕೊನೆಗೊಂದು ತುಂಡು ಬೆಬಿಂಕ ತಿನ್ನಿ. ಮೊಟ್ಟೆ, ತೆಂಗಿನ ಹಾಲು, ತುಪ್ಪ ಸೇರಿಸಿ ಪದರ ಪದರವಾಗಿ ಬೇಯಿಸಿದ ಸಿಹಿ, ಒಂದೊಂದು ಪದರ ಬೆಂದ ಮೇಲೆಯೇ ಮುಂದಿನದು. ಸಸ್ಯಾಹಾರಿಗಳಿಗೆ ಚರ್ಚ್ ಚೌಕದ ಬಳಿ ಕಾಮತ್ ಹೋಟೆಲಿದೆ, ಕೆಫೆ ಟಾಟೊದ ಪಾವ್–ಭಾಜಿ ಇದೆ. ಸಂಜೆ ಗಾಡಿಗಳಲ್ಲಿ ಆಮ್ಲೆಟ್ ಮೇಲೆ ಶಾಕುತಿ ಗ್ರೇವಿ ಸುರಿದು ಕೊಡುವ ರೋಸ್ ಆಮ್ಲೆಟ್ ಅನ್ನು ಹಡಗು ಹತ್ತುವ ಮೊದಲು ತಿಂದರೆ ಆ ರಾತ್ರಿ ಗೆದ್ದಂತೆಯೇ, ಯಂತ್ರ ಏನೇ ಕೊಡಲಿ.

ಆಟದ ಬಜೆಟ್ಟಿನಲ್ಲಿ ಅರ್ಧವನ್ನು ಊಟಕ್ಕೆ ತಿರುಗಿಸಿ ಎಂಬುದು ನನ್ನ ಖಚಿತ ಸಲಹೆ. ಆ ಹಣಕ್ಕೆ ನೂರಕ್ಕೆ ನೂರು ವಾಪಸು ಬರುತ್ತದೆ.

11. ಹೋಗುವ ದಾರಿ, ಬರುವ ದಾರಿ

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಮೂರೂ ಕಡೆಯವರು ಮೆಟ್ರೊದಲ್ಲೇ ಯಶವಂತಪುರ ತಲುಪಬಹುದು. ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರೋಡಿನಲ್ಲಿ, ವೈಟ್‌ಫೀಲ್ಡಿನವರು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಆಯಿತು. ಪೀಣ್ಯದವರಿಗಂತೂ ಮನೆ ಬಾಗಿಲು. ಯಶವಂತಪುರ–ವಾಸ್ಕೊ ರೈಲು ಹುಬ್ಬಳ್ಳಿ, ಲೋಂಡಾ ದಾಟಿ ದೂಧಸಾಗರದ ಮುಂದೆ ಇಳಿಯುತ್ತದೆ. ಬಸ್ಸಾದರೆ ಒಂದು ರಾತ್ರಿ. ವಿಮಾನದವರಿಗೆ ದಾಬೋಲಿಂ ಮತ್ತು ಮೋಪಾ ಎರಡು ನಿಲ್ದಾಣಗಳಿವೆ, ಟಿಕೆಟ್ ಯಾವುದಕ್ಕೆ ಎಂದು ನೋಡಿಕೊಳ್ಳಿ.

ರಾತ್ರಿಯೆಲ್ಲ ಆಡಿ ಬೆಳಿಗ್ಗೆ ಸ್ಟೇರಿಂಗ್ ಹಿಡಿಯುವುದು ಬೇಡ. ಅನಮೋಡ್ ಘಾಟಿನ ತಿರುವುಗಳು ನಿದ್ದೆಗಣ್ಣಿಗೆ ಆಗಿಬರುವುದಿಲ್ಲ. ಕಾರಿನಲ್ಲಿ ಹೋಗಿದ್ದರೆ ಒಂದು ದಿನ ಹೆಚ್ಚು ರಜೆ ಹಾಕಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ವಾಪಸು ಬಂದ ವಾರದಲ್ಲೇ ಮತ್ತೆ ಹೋಗಬೇಕೆಂಬ ಸೆಳೆತ, ಕಳೆದದ್ದನ್ನು ಗೆಲ್ಲಲೇಬೇಕೆಂಬ ಹಟ, ಮನೆಯವರಿಗೆ ಮೊತ್ತ ಮುಚ್ಚಿಡುವುದು ಕಂಡರೆ ತಡ ಮಾಡಬೇಡಿ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಆನ್‌ಲೈನ್ ಆಟ, ಫೋನಿನ ಗೀಳಿಗೆಂದೇ 2014ರಲ್ಲಿ ಆರಂಭವಾದ ‘ಶಟ್’ ಕ್ಲಿನಿಕ್ ಕೂಡ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಜೂಜಿನ ಗೀಳು ಕಾಯಿಲೆ, ಅದಕ್ಕೆ ಮದ್ದಿದೆ. ಪಕ್ಕದ ಡೆಸ್ಕಿನ ಗೆಳೆಯನಲ್ಲಿ ಈ ಲಕ್ಷಣ ಕಂಡರೂ ಸುಮ್ಮನಿರಬೇಡಿ, ಕ್ಯಾಂಟೀನಿಗೆ ಕರೆದು ಕೇಳಿ.

12. ಗೆದ್ದರೆ ಕಾಗದ ಜೋಪಾನ

ಪ್ಯಾನ್ ಕಾರ್ಡ್ ಜೊತೆಗಿರಲಿ. ಒಂದು ಗೆಲುವು 10,000 ರೂಪಾಯಿ ದಾಟಿದರೆ ತೆರಿಗೆ ಅಲ್ಲೇ ಕಡಿತವಾಗುತ್ತದೆ. ಗೆಲುವಿಗೆ ಆದಾಯ ತೆರಿಗೆ 30 ಶೇಕಡಾ, ಸೆಸ್ ಸೇರಿ 31.2. ನಿಮ್ಮ ಸಂಬಳದ ಸ್ಲ್ಯಾಬ್ ಯಾವುದಿದ್ದರೂ ಇದೇ ದರ. ಸೋತ ಹಣವನ್ನು, ಬಸ್ ಚಾರ್ಜನ್ನು, ಹೋಟೆಲ್ ಬಿಲ್ಲನ್ನು ಅದರಿಂದ ಕಳೆಯಲು ಕಾನೂನು ಬಿಡುವುದಿಲ್ಲ. ಸಂಬಳದವರು ಪ್ರತಿ ವರ್ಷ ಫಾರಂ 16 ನೋಡಿ ತುಂಬುವ ಐಟಿಆರ್‌–1 ಇಂಥ ಗೆಲುವು ಇರುವ ವರ್ಷಕ್ಕೆ ನಡೆಯದು, ಐಟಿಆರ್‌–2 ತುಂಬಬೇಕು. ಕಡಿತದ ರಸೀದಿ ಇಟ್ಟುಕೊಳ್ಳಿ, ರಿಟರ್ನ್ ಸಲ್ಲಿಸುವ ಮೊದಲು ಫಾರಂ 26ಎಎಸ್‌ನಲ್ಲಿ ಆ ಮೊತ್ತ ಕಾಣುತ್ತಿದೆಯೇ ಎಂದು ತಾಳೆ ನೋಡಿ.